ಹುಣಸೂರಿನ ಬಸ್ಸಿಗೆ ಕೊಟ್ಟ ಟಿನ್ನು

ದೇವರಾಜ ಮೊಹಲ್ಲಾ, ಮೈಸೂರು
೯ ಜೂನ್ ೧೯೫೮

ಲೀಲಾ ಮಗಳೇ,

ಈ ಕಾಗದ ನಿನ್ನ ಕೈಗೆ ಸಿಕ್ಕಿದ್ದರೆ ಟಿನ್ನಿನ ತಳದವರೆಗೆ ಕೈ ಹಾಕಿದ್ದೀಯ ಎಂದಾಯಿತು. ಪಕ್ಕದಲ್ಲೇ ಬಿಳಿ ಬಟ್ಟೆ ಸುತ್ತಿದ ಇನ್ಸುಲಿನ್ ಸೀಸೆ ಇದೆ. ತಕ್ಷಣ ತೆಗೆದು ಒದ್ದೆ ಮರಳಿನ ಮಡಕೆಯಲ್ಲಿ ಇಡು. ಹದಿನೈದು ದಿನಕ್ಕೆ ಸಾಕಾಗುತ್ತದೆ. ಅಷ್ಟರಲ್ಲಿ ಇನ್ನೊಂದು ಬರುತ್ತದೆ.

ಹುಣಸೂರು ಬಸ್ಸಿನ ಕಂಡಕ್ಟರ್ ದೇವಯ್ಯ ನಮ್ಮ ಬೇಕರಿಯ ಹಳೆಯ ಗಿರಾಕಿ. ಅವನ ಹೆಂಡತಿ ನೀಲಮ್ಮನ ಮನೆ ನಿನ್ನ ಗಂಡನ ಮನೆಯ ಬೀದಿಯಲ್ಲೇ ಇದೆ. ಪ್ರತಿ ವಾರ ಟಿನ್ನನ್ನು ಅವಳೇ ತಂದು ಕೊಡುತ್ತಾಳೆ. ಒಳಗೆ ಬಿಸ್ಕತ್ತಲ್ಲದೆ ಬೇರೆ ಏನೋ ಇದೆ ಎಂದು ಅವರಿಬ್ಬರಿಗೂ ಗೊತ್ತಿಲ್ಲ. ಖಾಲಿ ಟಿನ್ನಿನಲ್ಲಿ ನಿನ್ನ ಕಾಗದ ಇಟ್ಟು ಕಳಿಸು. ಅಂಚೆಯಲ್ಲಿ ಬರೆಯುವಾಗ ಕ್ಷೇಮ ಸಮಾಚಾರ ಮಾತ್ರ ಬರೆ.

ಮೇಲಿನ ಪದರದಲ್ಲಿ ಮಾಮೂಲು ಬೆಣ್ಣೆ ಬಿಸ್ಕತ್ತು ಜೋಡಿಸಿದ್ದೇನೆ. ಅವನ್ನು ಮನೆಯವರಿಗೆಲ್ಲ ಹಂಚು. ಕೆಳಗಿನವು ನಿನ್ನವು, ಕಡಲೆಕಾಯಿ ಬೀಜದವು. ಮೈದಾ ಇಲ್ಲ, ಸಕ್ಕರೆ ಇಲ್ಲ. ಬೆಳಿಗ್ಗೆ ಸೂಜಿ ಹಾಕಿಕೊಂಡ ಮೇಲೆ ನಾಲ್ಕು, ಸಂಜೆ ಮೂರು ತಿನ್ನು. ಅನ್ನ ಕಡಿಮೆ ಬಡಿಸಿಕೊಂಡರೆ ನಿನ್ನ ಅತ್ತೆ ಶಿವನಂಜಮ್ಮನವರು ಏನಾದರೂ ಅಂದಾರು. "ನಮ್ಮಪ್ಪ ಬೇಕರಿಯವನು, ಚಿಕ್ಕಂದಿನಿಂದ ಬಿಸ್ಕತ್ತು ತಿಂದೇ ಬೆಳೆದೋಳು" ಅಂತ ನಕ್ಕುಬಿಡು.

ನೀನು ಹೋದ ಮೇಲೆ ಎರಡು ಸಲ ಬನ್ನು ಸೀದುಹೋಯಿತು. ಒಲೆಯ ತಪ್ಪಲ್ಲ.

ಓದಿದ ಮೇಲೆ ಇದನ್ನು ಬೆಂಕಿಗೆ ಹಾಕು.

ನಿನ್ನ ಅಪ್ಪಯ್ಯ,
ಮರಿಸ್ವಾಮಿ


ಹುಣಸೂರು
೨೨ ಜೂನ್ ೧೯೫೮

ಅಪ್ಪಯ್ಯನವರಿಗೆ,

ಟಿನ್ನು ತಲುಪಿತು. ನಿಮ್ಮ ಕಾಗದವನ್ನು ಬಚ್ಚಲ ಒಲೆಗೆ ಹಾಕಿದೆ. ಆ ಒಲೆ ಈಗ ನನಗೆ ತುಂಬ ಬೇಕಾದ ಜಾಗ. ಎಲ್ಲರಿಗಿಂತ ಮೊದಲು ಎದ್ದು ಹಂಡೆಗೆ ಉರಿ ಹಾಕುತ್ತೇನೆ. ಒಂದು ಚಿಕ್ಕ ಚೊಂಬಿನಲ್ಲಿ ಸೂಜಿ ಕುದಿಸಿಕೊಂಡು, ಅಗುಳಿ ಹಾಕಿ, ತೊಡೆಗೆ ಚುಚ್ಚಿಕೊಂಡು, ತೊಳೆದು, ಸೀಗೆಪುಡಿ ಡಬ್ಬಿಯ ಹಿಂದೆ ಬಚ್ಚಿಡುತ್ತೇನೆ. "ಎಂಥಾ ಸೊಸೆ ಕಣೇ, ನಂಗೆ ಒಂದಿನಾನೂ ಒಲೆ ಉರಿ ಮಾಡೋಕೆ ಬುಡಲ್ಲ" ಎಂದು ಅತ್ತೆ ಬೀದಿಯವರ ಮುಂದೆಲ್ಲ ಹೊಗಳುತ್ತಾರೆ. ಅದನ್ನು ಕೇಳುವಾಗ ತಲೆ ತಗ್ಗಿಸುತ್ತೇನೆ. ನಾಚಿಕೆ ಅಂದುಕೊಳ್ಳುತ್ತಾರೆ.

ಅವರು ತುಂಬ ಒಳ್ಳೆಯವರು ಅಪ್ಪಯ್ಯ. ದಿನಾ ಸಂಜೆ ಜಗುಲಿಯಲ್ಲಿ ಕೂರಿಸಿಕೊಂಡು ತಲೆ ಬಾಚುತ್ತಾರೆ. ಮೊನ್ನೆ, "ಎಷ್ಟು ಸಣ್ಣ ಆಗಿದೀಯವ್ವ, ಮುಡಿ ಭಾರಕ್ಕೇ ಬಿದ್ದೋಗ್ತೀಯ" ಅಂದರು. ನಿಮ್ಮ ಅಳಿಯಂದಿರು ಸರ್ವೆ ಕೆಲಸದ ಮೇಲೆ ಪಿರಿಯಾಪಟ್ಟಣದ ಕಡೆ ಹೋಗಿದ್ದಾರೆ, ತಿಂಗಳಲ್ಲಿ ಎಂಟು ದಿನ ಮನೆಯಲ್ಲಿ ಇರುವುದೂ ಕಷ್ಟ. ಇದ್ದಾಗ ನನ್ನ ಕೈಲಿ ಪೇಪರು ಓದಿಸುತ್ತಾರೆ. ನಾನು ತಪ್ಪು ಓದಿದರೆ ತಿದ್ದುವುದಿಲ್ಲ, ಸುಮ್ಮನೆ ನಗುತ್ತಾರೆ.

ಇಂಥವರಿಗೆ ಹೇಳಿದರೆ ಏನಾಗುತ್ತದೆ? ನೀವು ಹೂಂ ಅಂದರೆ ನಾನೇ ಹೇಳುತ್ತೇನೆ. ನಿಮ್ಮ ಹೆಸರು ಎತ್ತುವುದಿಲ್ಲ. ಮದುವೆಯಾದ ಮೇಲೆ ಗೊತ್ತಾಯಿತು ಎನ್ನುತ್ತೇನೆ.

ನಿಮ್ಮ ಮಗಳು,
ಪ್ರೇಮಲೀಲಾ


ಮೈಸೂರು
೨ ಜುಲೈ ೧೯೫೮

ಲೀಲಾ,

ಬೇಡ.

ನಂಜನಗೂಡಿನಿಂದ ಮೊದಲ ಗಂಡು ಬಂದಾಗ ನಾನೇ ಬಾಯಿಬಿಟ್ಟು ಹೇಳಿದೆ. ಹುಡುಗನ ತಂದೆ ಕಾಫಿ ಲೋಟವನ್ನು ಅರ್ಧಕ್ಕೆ ಇಟ್ಟು ಎದ್ದರು. ಎರಡನೆಯವರು ಏಳಲಿಲ್ಲ. ಕೂತಲ್ಲೇ, "ಇಂಥ ಕಾಯಿಲೆಯೋರು ಎಷ್ಟು ವರ್ಷ ಇರ್ತಾರೆ ಸ್ವಾಮಿ?" ಎಂದು ಎಮ್ಮೆಯ ವಯಸ್ಸು ವಿಚಾರಿಸಿದ ಹಾಗೆ ವಿಚಾರಿಸಿದರು. ನೀನು ಬಾಗಿಲ ಹಿಂದೆ ತಟ್ಟೆ ಹಿಡಿದು ನಿಂತಿದ್ದೆ. ಕೇಳಿಸಿತೋ ಇಲ್ಲವೋ ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ. ಅಳಿಯಂದಿರು ಮಹದೇವು ಅವರ ಮನೆಯವರು ಬಂದ ದಿನ ನನ್ನ ಬಾಯಿ ಕಟ್ಟಿಹೋಯಿತು. ಅಷ್ಟೇ.

ನಿನಗೆ ಹದಿನಾಲ್ಕು ವರ್ಷ ಇರುವಾಗ ಡಾಕ್ಟರು ಸಕ್ಕರೆ ಕಾಯಿಲೆ ಅಂದರು. ನಿಮ್ಮವ್ವ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಬೇಕರಿಯವನ ಮಗಳಿಗೆ ಬನ್ನು ಇಲ್ಲ, ಕೇಕು ಇಲ್ಲ. ಒಲೆಯಿಂದ ತಟ್ಟೆ ತೆಗೆಯುವ ಹೊತ್ತಿಗೆ ನೀನು ಎದ್ದು ಮಾರ್ಕೆಟ್ಟಿನ ಕಡೆ ಹೋಗಿಬಿಡುತ್ತಿದ್ದೆ. ನನ್ನ ಒಲೆಯ ವಾಸನೆಗೆ ನನ್ನ ಮಗಳು ಓಡಿಹೋಗುತ್ತಾಳಲ್ಲ ಎಂದು ನಾನು ಈ ಬಿಸ್ಕತ್ತಿಗೆ ಕೈ ಹಾಕಿದ್ದು. ಮೈದಾ ಇಲ್ಲದೆ ಬಿಸ್ಕತ್ತು ನಿಲ್ಲುವುದುಂಟೇ ಎಂದು ನನಗೆ ಕೆಲಸ ಕಲಿಸಿದ ಯಜಮಾನರು ನಕ್ಕರು. ಬರೀ ಕಡಲೆಕಾಯಿ ಪುಡಿ ಹಾಕಿದೆ, ಬೂದಿಯ ಹಾಗೆ ಉದುರಿತು. ನೀರು ಹಾಕಿದೆ, ಇಟ್ಟಿಗೆಯಾಯಿತು. ಎಣ್ಣೆ ಬಿಟ್ಟು ಬೆಣ್ಣೆಯ ಹಾಗಾಗುವವರೆಗೆ ಒರಳಿನಲ್ಲಿ ರುಬ್ಬಿ, ಮೊಟ್ಟೆ ಸೇರಿಸಿದ ದಿನ ನಿಂತಿತು. ನೀನು ಒಂದು ಕಚ್ಚಿ, "ಸಿಹಿಯಾಗೈತೆ ಅಪ್ಪಯ್ಯ" ಅಂದೆ. ಇರಲಿಲ್ಲ ಮಗಳೇ. ಆರು ತಿಂಗಳಿನಿಂದ ಸಿಹಿ ಮುಟ್ಟದ ನಾಲಿಗೆ ನಿನ್ನದು.

ಒಂದು ಮಗುವಾಗಲಿ. ಆಮೇಲೆ ಹೇಳೋಣ. ಮಗುವಿನ ತಾಯಿಯನ್ನು ಯಾರೂ ವಾಪಸು ಕಳಿಸುವುದಿಲ್ಲ. ಅಲ್ಲಿಯವರೆಗೆ ನನ್ನಾಣೆ.

ಅಪ್ಪಯ್ಯ


ಹುಣಸೂರು
೨೦ ಸೆಪ್ಟೆಂಬರ್ ೧೯೫೮

ಅಪ್ಪಯ್ಯನವರಿಗೆ,

ಗೌರಿ ಹಬ್ಬಕ್ಕೆ ನೀವು ಕಳಿಸಿದ ಬಾಗಿನ ಬಂತು. ಸೀರೆಯ ಬಣ್ಣ ಅತ್ತೆಗೆ ಬಹಳ ಹಿಡಿಸಿತು.

ಹಬ್ಬದ ದಿನ ನಾನು ಒಂದು ಕಡೆ ಕೂತು ಬಿಸ್ಕತ್ತು ತಿನ್ನುವುದನ್ನು ಅತ್ತೆ ನೋಡಿದರು. "ಹಬ್ಬದ ದಿನಾನೂ ಮೊಟ್ಟೆ ಹಾಕಿದ್ದು ತಿಂತೀಯಲ್ಲವ್ವ. ನಮ್ಮನೆ ಊಟ ನಿಂಗೆ ಸೇರಲ್ವಾ? ಉಪ್ಪು ಜಾಸ್ತಿ ಅಂದ್ರೆ ಜಾಸ್ತಿ ಅನ್ನು, ನಾನೇನು ಬೇಜಾರು ಮಾಡ್ಕೊಳಲ್ಲ" ಅಂದರು. ಬೇಜಾರು ಆಗಲೇ ಅವರ ಕಣ್ಣಲ್ಲಿತ್ತು. ನಾನು ಟಿನ್ನು ಮುಚ್ಚಿ ಎಲೆಯ ಮುಂದೆ ಕೂತೆ. ಬೆಲ್ಲದ ಹೂರಣದ ಕಡುಬನ್ನು ಅವರೇ ಮುರಿದು, ತುಪ್ಪದಲ್ಲಿ ಅದ್ದಿ, ಬಾಯಿಗೆ ಇಟ್ಟರು. ಮೂರು ತಿಂದೆ. ಆರು ವರ್ಷದ ಮೇಲೆ ತಿಂದ ಕಡುಬು. ಅಪ್ಪಯ್ಯ, ಎಷ್ಟು ಚೆನ್ನಾಗಿತ್ತು ಗೊತ್ತೇ?

ಮಾರನೆಯ ದಿನ ಬಚ್ಚಲಲ್ಲಿ ಮೂತ್ರದ ಸಕ್ಕರೆ ಪರೀಕ್ಷೆ ಮಾಡಿದೆ. ಗಾಜಿನ ನಳಿಗೆಯ ನೀಲಿ ನೀರು ಇಟ್ಟಿಗೆ ಕೆಂಪಿಗೆ ತಿರುಗಿತು. ಅಷ್ಟು ಕೆಂಪು ನಾನು ನೋಡಿರಲಿಲ್ಲ.

ಇನ್ನೊಂದು ವಿಷಯ. ಎರಡು ತಿಂಗಳಿಂದ ನಾನು ಹೊರಗೆ ಕೂತಿಲ್ಲ. ಅತ್ತೆಗೆ ಗೊತ್ತಾಗಿ ದೃಷ್ಟಿ ತೆಗೆದರು. ನಿಮ್ಮ ಅಳಿಯಂದಿರಿಗೆ ಇನ್ನೂ ಕಾಗದ ಹೋಗಿಲ್ಲ, ಕ್ಯಾಂಪಿನಿಂದ ಬಂದಾಗ ನಾನೇ ಹೇಳಬೇಕಂತೆ. ಎರಡನ್ನೂ ಒಟ್ಟಿಗೇ ಹೇಳಿಬಿಡಲೇ? ಸಂತೋಷದ ಮಾತಿನ ಜೊತೆಗೆ ಹೇಳಿದರೆ ಅದೂ ನಡೆದುಹೋಗುತ್ತದೇನೋ.

ಡಾಕ್ಟರನ್ನು ಒಂದು ಮಾತು ಕೇಳಿ. ಈ ಕಾಯಿಲೆಯಲ್ಲಿ ಮಗು ಹೇಗೆ, ಏನು, ಎಂದು.

ಲೀಲಾ


ಮೈಸೂರು
೬ ಅಕ್ಟೋಬರ್ ೧೯೫೮

ಮಗಳೇ,

ನಿನ್ನ ಕಾಗದ ಓದಿ ಅಂಗಡಿಯಲ್ಲಿ ಇದ್ದವರಿಗೆಲ್ಲ ಒಂದೊಂದು ಕೇಕು ಕೊಟ್ಟೆ. ಯಾಕೆ ಎಂದು ಕೇಳಿದವರಿಗೆ ದಸರಾ ಎಂದೆ. ದಸರಾಕ್ಕೆ ಇನ್ನೂ ದಿನವಿದೆ ಎಂದು ಅವರಿಗೂ ಗೊತ್ತು.

ಡಾಕ್ಟರನ್ನು ನೋಡಿ ಬಂದೆ. ಹೆದರುವಂಥದ್ದು ಏನೂ ಇಲ್ಲ ಅಂದರು. ಸೂಜಿಯ ಮದ್ದನ್ನು ಸ್ವಲ್ಪ ಜಾಸ್ತಿ ಮಾಡಬೇಕಂತೆ, ಎಷ್ಟೆಂದು ಬೇರೆ ಚೀಟಿಯಲ್ಲಿದೆ. ಇನ್ನು ಹತ್ತು ದಿನಕ್ಕೊಂದು ಸೀಸೆ ಕಳಿಸುತ್ತೇನೆ. ಬಿಸ್ಕತ್ತೂ ಹೆಚ್ಚು ಇಟ್ಟಿದ್ದೇನೆ. ಏಳನೇ ತಿಂಗಳಲ್ಲಿ ಸೀಮಂತ ಮುಗಿದ ಕೂಡಲೇ ಬಾಣಂತನಕ್ಕೆಂದು ನಾನೇ ಬಂದು ಕರೆದುಕೊಂಡು ಬರುತ್ತೇನೆ. ಆಮೇಲೆ ದೊಡ್ಡಾಸ್ಪತ್ರೆ ಇಲ್ಲೇ ಇದೆ, ನಾನಿದ್ದೇನೆ. ಇನ್ನು ನಾಲ್ಕೈದು ತಿಂಗಳು. ಇಷ್ಟು ದೂರ ಬಂದು ಈಗ ಬಾಯಿಬಿಡಬೇಡ.

ಸಿಹಿ ಬೇಡ ಎನ್ನಲು ಈಗ ನಿನಗೊಂದು ನೆಪ ಸಿಕ್ಕಿತು. ಬಸುರಿ ಏನು ಬೇಡ ಎಂದರೂ ಯಾರೂ ಪ್ರಶ್ನೆ ಮಾಡುವುದಿಲ್ಲ.

ಅಪ್ಪಯ್ಯ


ಹುಣಸೂರು
೧೮ ನವೆಂಬರ್ ೧೯೫೮

ಬೀಗರಾದ ಮರಿಸ್ವಾಮಿಯವರಿಗೆ ಶಿವನಂಜಮ್ಮ ಮಾಡುವ ಶರಣು.

ನಂಗೆ ಓದು ಬರಹ ಇಲ್ಲ. ಮಹದೇವು ಮನೇಲವ್ನೆ, ನಾನು ಹೇಳಿದ್ದ ಹಂಗೇ ಬರೀತಾವ್ನೆ. ಬೇಡ ಕಣವ್ವ ಅಂದ, ನಾನೇ ಬರಿ ಅಂದೆ.

ನಿಮ್ಮ ಮಗಳು ನಮ್ಮನೆ ಮುತ್ತು. ಆದ್ರೆ ಬಸುರಿ ಹೆಂಗ್ಸು ಎರಡು ತುತ್ತು ಅನ್ನ ಉಣ್ಣಲ್ಲ. ಬೆಲ್ಲ ಬೇಡ, ಹಣ್ಣು ಬೇಡ, ಪಾಯಸ ಬೇಡ. ಮೂಲೇಲಿ ಕೂತು ಆ ಒಣ ಬಿಸ್ಕತ್ತು ಕಡೀತಾಳೆ. ಮೊನ್ನೆ ಬಂದ ನಮ್ಮ ನಾದಿನಿ, "ಸೊಸೆಗೆ ಉಣ್ಣಾಕೆ ಇಕ್ಕಲ್ವಾ ನೀನು, ಅಪ್ಪನ ಮನೆಯಿಂದ ಬುತ್ತಿ ಬತ್ತದಲ್ಲಾ" ಅಂತ ಎಲ್ಲರ ಮುಂದೆ ಅಂದ್ಬುಟ್ಲು. ನನ್ನ ಮಕ್ಕಳಿಗೆ ನಾನು ಉಪವಾಸ ಇದ್ದು ಉಣ್ಣಿಸ್ದೋಳು ಕಣ್ರೀ. ಆ ಮಾತು ಎದೆಗೆ ನಾಟ್ಬುಡ್ತು.

ಅದಕ್ಕೆ ಈ ವಾರದ ಟಿನ್ನ ಬಿಚ್ಚದೇನೆ ದೇವಯ್ಯನ ಕೈಲಿ ವಾಪಸ್ ಕಳಿಸಿದೀನಿ. ಮಗು ಹುಟ್ಟೋಗಂಟ ಅವಳು ನನ್ನ ಕೈಯಡುಗೆ ಉಣ್ಣಲಿ. ತಪ್ಪು ತಿಳೀಬೇಡಿ. ನೀವು ಯಾವಾಗ ಬಂದ್ರೂ ನಿಮ್ಮ ಮನೆ ಇದು.

ಶಿವನಂಜಮ್ಮನ ಹೆಬ್ಬೆಟ್ಟು


ಮೈಸೂರು
೨ ಡಿಸೆಂಬರ್ ೧೯೫೮

ಲೀಲಾ,

ಇದನ್ನು ನೀಲಮ್ಮನ ಕೈಲಿ ಕೊಟ್ಟು ಕಳಿಸುತ್ತಿದ್ದೇನೆ. ಅವಳಿಗೆ ವಿಷಯ ಹೇಳಲೇಬೇಕಾಯಿತು. ಇನ್ನು ಸೀಸೆ ಅವಳ ಮನೆಗೆ ಬರುತ್ತದೆ, ನಲ್ಲಿಗೆ ನೀರಿಗೆ ಹೋದಾಗ ಈಸಿಕೊ.

ಟಿನ್ನು ವಾಪಸು ಬಂದದ್ದನ್ನು ನೋಡಿ, ಅಂಗಡಿ ಹಾಗೇ ಬಿಟ್ಟು, ಅದೇ ಬಸ್ಸಿಗೆ ಹತ್ತಿ ನಿಮ್ಮ ಮನೆಗೆ ಬಂದದ್ದು ಯಾಕೆ ಎಂದು ನಿನಗೆ ಗೊತ್ತು. ನಾನು ಹೇಳುವುದಕ್ಕೇ ಬಂದಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದೆ. ನಿನ್ನ ಅತ್ತೆ ಕಾಲಿಗೆ ನೀರು ಕೊಟ್ಟರು. "ಕೋಪ ಮಾಡ್ಕೊಂಡ್ರಾ ಬೀಗ್ರೆ?" ಎಂದು ಕಣ್ಣೀರು ಹಾಕಿದರು. ಅಳಿಯಂದಿರು ಬಂದು ಪಕ್ಕದಲ್ಲಿ ಕೂತರು. ಎಲೆಯ ತುಂಬ ಬಡಿಸಿದರು. ಮಾತು ಗಂಟಲಿಗೆ ಬಂತು. ಅಷ್ಟರಲ್ಲಿ ನಿನ್ನ ಅತ್ತೆ, "ಇಂಥ ಹೆಣ್ಣು ಕೊಟ್ರಲ್ಲ, ಯಾವ ಜನ್ಮದ ಪುಣ್ಯವೋ" ಅಂದರು. ಅನ್ನದ ಜೊತೆ ಮಾತನ್ನೂ ನುಂಗಿದೆ.

ಹೊರಡುವಾಗ ನೀನು ಜಗುಲಿಯ ಕಂಬ ಹಿಡಿದು ನನ್ನನ್ನೇ ನೋಡುತ್ತಿದ್ದೆ. ನಾನು ಸೀಸೆಯನ್ನು ನಿನ್ನ ಕೈಲಿ ಒತ್ತಿ, "ಹುಷಾರು" ಎಂದೆ. ನೀನು ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಕಣ್ಣಿನ ಕೆಳಗೆ ಕಪ್ಪಾಗಿದೆ. ನಿದ್ದೆ ಮಾಡು. ಆದಷ್ಟು ಸೊಪ್ಪು, ಹುರುಳಿಕಾಳು, ಮಜ್ಜಿಗೆ ತೆಗೆದುಕೊ. ಬಿಸ್ಕತ್ತು ಮಾಡುವುದನ್ನು ನಾನು ನಿಲ್ಲಿಸಿಲ್ಲ. ತಿನ್ನುವವರಿಲ್ಲ, ಅಷ್ಟೆ.

ಅಪ್ಪಯ್ಯ


ಹುಣಸೂರು
೧೯ ಜನವರಿ ೧೯೫೯

ಅಪ್ಪಯ್ಯ,

ಹೆಚ್ಚು ಬರೆಯುವುದಕ್ಕೆ ಆಗುತ್ತಿಲ್ಲ, ಅಕ್ಷರ ಮಂಜು ಮಂಜಾಗಿ ಕಾಣುತ್ತದೆ. ಬಾಯಾರಿಕೆ ತಡೆಯಲಾಗುವುದಿಲ್ಲ. ಅಡುಗೆಮನೆಯ ಕೊಡ ನಾನೊಬ್ಬಳೇ ಖಾಲಿ ಮಾಡುತ್ತೇನೆ. "ಕೂಸಿಗೆ ಬಾಯಾರಿಕೆ" ಎಂದು ಅತ್ತೆ ನಗುತ್ತಾರೆ. ನೀಲಿ ನೀರು ಕೆಂಪಾಗದ ದಿನವೇ ಇಲ್ಲ. ಈಗ ನೋಡುವುದನ್ನೇ ಬಿಟ್ಟಿದ್ದೇನೆ.

ಮಗು ಒದೆಯುತ್ತದೆ. ಅದೊಂದು ಸಂತೋಷ. ರಾತ್ರಿ ಹಗಲು ಎನ್ನದೆ ಅದರ ಜೊತೆ ಮಾತಾಡುತ್ತೇನೆ. ಈ ಮನೆಯಲ್ಲಿ ಅದಕ್ಕೊಂದಕ್ಕೇ ನನ್ನ ವಿಷಯವೆಲ್ಲ ಗೊತ್ತು.

ಒಂದು ಕೇಳುತ್ತೇನೆ. ಹೆದರುವಂಥದ್ದು ಏನೂ ಇಲ್ಲ ಎಂದು ಡಾಕ್ಟರು ನಿಜವಾಗಿ ಅಂದರೇ? ಅವರು ಬಳಸಿದ ಮಾತನ್ನೇ ಬರೆಯಿರಿ.

ಫೆಬ್ರವರಿ ಹದಿನೈದಕ್ಕೆ ಸೀಮಂತ ಇಟ್ಟುಕೊಂಡಿದ್ದಾರೆ. ಅಷ್ಟು ದಿನ ಕಾಯಬೇಡಿ. ಬಂದು ಕರೆದುಕೊಂಡು ಹೋಗಿ.

ಲೀಲಾ


ಹುಣಸೂರು
೧೪ ಮಾರ್ಚ್ ೧೯೫೯

ಮಾವನವರಿಗೆ,

ಆಸ್ಪತ್ರೆಯಲ್ಲಿ ನೀವೂ ನಾನೂ ಒಂದೇ ಬೆಂಚಿನ ಮೇಲೆ ಕೂತಿದ್ದೆವು, ಆದರೆ ಮಾತಾಡಲಿಲ್ಲ. ನಡೆದದ್ದನ್ನು ನೀವು ತಿಳಿದಿರಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ಸೀಮಂತಕ್ಕೆ ನೀವು ಬಂದು ಬಳೆ ತೊಡಿಸಿ, ವಾರದಲ್ಲಿ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಹೋದಿರಿ. ಅವತ್ತು ಐದು ಬಗೆಯ ಸಿಹಿ. ಬಂದ ಮುತ್ತೈದೆಯರೆಲ್ಲ ಒಂದೊಂದು ತುತ್ತು ಇಟ್ಟರು. ಅವಳು ಯಾವುದಕ್ಕೂ ಬೇಡ ಎನ್ನಲಿಲ್ಲ. ಮೂರನೆಯ ದಿನ ವಾಂತಿ ಶುರುವಾಯಿತು. ಬಸುರಿಗೆ ವಾಂತಿ ಹೊಸದೇ ಎಂದು ಅವ್ವ ಶುಂಠಿ ಕಷಾಯ ಕೊಟ್ಟರು. ಮಾರನೆಯ ಬೆಳಿಗ್ಗೆ ಕರೆದರೆ ಓಗೊಡಲಿಲ್ಲ. ಓಡಿಬಂದವರಂತೆ ಉಸಿರು ಎಳೆಯುತ್ತಿದ್ದಳು. ನಾನು ಇಲಾಖೆಯ ಜೀಪು ತರಿಸಿದೆ. ಹತ್ತಿಸುವಾಗ ಕಂಡಕ್ಟರನ ಹೆಂಡತಿ ನೀಲಮ್ಮ ಸೀಸೆ ಹಿಡಿದುಕೊಂಡು ಓಡಿಬಂದು, "ಇದನ್ನ ಡಾಕ್ಟ್ರಿಗೆ ತೋರ್ಸಣ್ಣಾ, ನಂಗಿನ್ನು ತಡಿಯಾಕಾಗಲ್ಲ" ಎಂದು ಅತ್ತಳು.

ಮೈಸೂರಿನಲ್ಲಿ ಡಾಕ್ಟರು ಕೇಳಿದರು, "ಎಷ್ಟು ವರ್ಷದಿಂದ ಇದೆ?"

"ಏನು?" ಎಂದೆ.

ಅವರು ನನ್ನ ಮುಖ ನೋಡಿದರು. ಏಳು ತಿಂಗಳು ಹೊಟ್ಟೆಯಲ್ಲಿದ್ದ ಮಗುವಿನ ತಂದೆ ನಾನು. ನನ್ನ ಹೆಂಡತಿಯ ಕಾಯಿಲೆ ಏನೆಂದು ಪರರ ಮುಂದೆ ಕೇಳಿ ತಿಳಿದುಕೊಂಡೆ.

ಮಗುವನ್ನು ಮಣ್ಣು ಮಾಡಲು ನಾನೇ ಎತ್ತಿಕೊಂಡು ಹೋದೆ. ಹೆಣ್ಣು. ತಲೆ ತುಂಬ ಕೂದಲಿತ್ತು. ತಾಯಿ ಉಳಿದದ್ದೇ ಹೆಚ್ಚು ಎಂದು ಡಾಕ್ಟರು ಹೇಳಿದರು.

ನೀವು ಟಿನ್ನು ಹಿಡಿದು ವಾರ್ಡಿನ ಬಾಗಿಲಲ್ಲಿ ನಿಂತಾಗ ಅವಳು ಗೋಡೆಯ ಕಡೆ ತಿರುಗಿದಳು. ನಾನು ಹಾಗೆ ಮಾಡು ಎಂದು ಹೇಳಿಕೊಟ್ಟಿರಲಿಲ್ಲ. ಇದೊಂದನ್ನು ನಂಬಿ.

ಮದುವೆಗೆ ಮೊದಲು ಹೇಳಿದ್ದರೆ ಒಪ್ಪುತ್ತಿದ್ದೆನೋ ಇಲ್ಲವೋ. ಒಪ್ಪುತ್ತಿದ್ದೆ ಎಂದು ಈಗ ಸುಳ್ಳು ಹೇಳಲಾರೆ. ಆದರೆ ಮದುವೆಯ ಮಾರನೆಯ ದಿನ ಹೇಳಿದ್ದರೆ, ಗೌರಿ ಹಬ್ಬದಲ್ಲಿ ಹೇಳಿದ್ದರೆ, ಟಿನ್ನು ವಾಪಸು ಬಂತೆಂದು ಓಡಿಬಂದು ನಮ್ಮ ಮನೆಯಲ್ಲಿ ಊಟ ಮಾಡಿದಿರಲ್ಲ, ಅವತ್ತಾದರೂ ಹೇಳಿದ್ದರೆ, ನಾನು ಅವಳನ್ನು ಬಿಡುತ್ತಿರಲಿಲ್ಲ. ಮೈಸೂರಿಗೆ ಕರೆತರುತ್ತಿದ್ದೆ. ನಂಜನಗೂಡಿನವರ ವಿಷಯ ಈಗ ಅವಳು ಹೇಳಿದಳು. ನನ್ನನ್ನು ಇನ್ನೊಬ್ಬ ಎದ್ದುಹೋಗುವವನು ಎಂದು ಎಣಿಸಿದಿರಿ.

ಬಾಣಂತನಕ್ಕೆ ನಿಮ್ಮ ಮನೆಗೆ ಕಳಿಸುತ್ತೇವೆ ಅಂದೆವು. ಅವಳು ಒಪ್ಪಲಿಲ್ಲ.

ಮಹದೇವು


ಮೈಸೂರು
೩೦ ಮಾರ್ಚ್ ೧೯೫೯

ಲೀಲಾ,

ಜನವರಿಯಲ್ಲಿ ನೀನು ಒಂದು ಪ್ರಶ್ನೆ ಕೇಳಿದ್ದೆ. ನಾನು ಉತ್ತರ ಬರೆಯಲಿಲ್ಲ. ಈಗ ಬರೆಯುತ್ತೇನೆ.

ಡಾಕ್ಟರು ಅಂದ ಮಾತು ಇದು: "ಇವತ್ತೇ ಗಂಡನಿಗೆ ಹೇಳಿ. ಈ ವಾರವೇ ಆಸ್ಪತ್ರೆಗೆ ತಂದು ಸೇರಿಸಿ. ಎರಡು ಜೀವ ನಿಮ್ಮ ಬಾಯಲ್ಲಿದೆ." ನಾನು ಆಗಲಿ ಎಂದು ಎದ್ದು ಬಂದೆ. ಅಂಗಡಿ ತಲುಪುವುದರೊಳಗೆ ಅದನ್ನು ಮರೆತವನ ಹಾಗೆ ಮಾಡಿದೆ. ಆಮೇಲೆ ನಿನಗೆ ಆ ಕಾಗದ ಬರೆದೆ.

ನಿನ್ನ ಸಂಸಾರ ಉಳಿಸುವುದಕ್ಕೆ ಎಂದುಕೊಂಡಿದ್ದೆ. ಅಂಗಡಿಯಲ್ಲಿ ಒಬ್ಬನೇ ಕೂತು ಯೋಚಿಸುತ್ತೇನೆ. ನಾನು ಹೆದರಿದ್ದು ನಿನಗಾಗಿ ಅಲ್ಲ. ಆ ಅರ್ಧ ಲೋಟ ಕಾಫಿ ಇನ್ನೊಂದು ಸಲ ನೋಡಲಾರೆ ಎಂದು ಹೆದರಿದೆ. ಕಾಯಿಲೆಯ ಮಗಳನ್ನು ಹೆತ್ತವನು ಎಂದು ಅನ್ನಿಸಿಕೊಳ್ಳಲಾರದೆ ಹೋದೆ. ಆ ನಾಚಿಕೆಗೆ ಪ್ರೀತಿ ಎಂದು ಹೆಸರಿಟ್ಟು ಟಿನ್ನಿನಲ್ಲಿ ತುಂಬಿ ಕಳಿಸಿದೆ.

ನಿನ್ನ ಮಗುವನ್ನು ನೋಡುವ ಯೋಗ್ಯತೆ ನನಗಿರಲಿಲ್ಲ. ಆದರೂ ಅಳಿಯಂದಿರು ಎತ್ತಿಕೊಂಡು ಹೋಗುವಾಗ ಒಂದು ಗಳಿಗೆ ನಿಂತು, ಬಟ್ಟೆ ಸರಿಸಿ, ನನಗೆ ತೋರಿಸಿದರು. ಅದನ್ನು ಅವರು ನಿನಗೆ ಹೇಳಿರಲಿಕ್ಕಿಲ್ಲ.

ಉತ್ತರ ಬರೆಯಲೇಬೇಕು ಎಂದು ಕೇಳುವುದಿಲ್ಲ.

ಮರಿಸ್ವಾಮಿ


ಹುಣಸೂರು
೨೧ ಜೂನ್ ೧೯೫೯

ಬೀಗರಿಗೆ ಶಿವನಂಜಮ್ಮನ ಶರಣು. ಮಹದೇವು ಬರೀತಾವ್ನೆ.

ನೀವು ನಾಕು ಕಾಗದ ಹಾಕಿದ್ರಂತೆ. ಅವಳು ಬಿಚ್ಚಿ ಓದ್ತಾಳೆ, ಮಡಿಸಿ ಪೆಟ್ಟಿಗೇಲಿ ಇಕ್ತಾಳೆ. ನಾನೂ ಕೇಳಕ್ಕೋಗಲ್ಲ.

ಬೆಳಿಗ್ಗೆ ಸೂಜಿ ಈಗ ನಾನೇ ಹಾಕ್ತೀನಿ. ಮೊದ್ಲು ದಿನ ಅವಳೇ ನನ್ನ ಕೈ ಹಿಡ್ದು ಹೇಳಿಕೊಟ್ಲು. ತಿಂಗಳುಗಟ್ಲೆ ಒಬ್ಬಳೇ ಬಚ್ಚಲಲ್ಲಿ ಕೂತು ಚುಚ್ಕೊಂಡಿದಾಳಲ್ಲ, ಹೊರಗಡೆ ನಾನು ಸೊಸೇನ ಹೊಗಳ್ತಾ ಕೂತಿದ್ನಲ್ಲ ಅಂತ ನೆನೆಸ್ಕೊಂಡ್ರೆ ಹೊಟ್ಟೆ ಉರೀತದೆ.

ನಿಮ್ಮ ಮೇಲೆ ನಂಗೆ ಸಿಟ್ಟು ಇಲ್ಲ ಅಂದ್ರೆ ಸುಳ್ಳು. ಆದ್ರೆ ಮದ್ದು ಇರೋ ಟಿನ್ನ ವಾಪಸ್ ಕಳಿಸಿದ್ದು ನನ್ನ ಕೈ. ಆ ಕಡುಬು ಇಕ್ಕಿದ್ದೂ ಇದೇ ಕೈ. ನಿಮ್ಮನ್ನ ಬೈಯೋಕೆ ಬಾಯಿ ತೆಗೆದ್ರೆ ಅದು ನೆಪ್ಪಾಗಿ ಬಾಯಿ ಮುಚ್ಕತೀನಿ.

ಅವಳು ಈಗ ಏನೂ ತಿನ್ನಲ್ಲ. ಸೊಪ್ಪು ಕಾಳು ಅಂತ ಇಕ್ಕಿದ್ರೆ ಎರಡು ತುತ್ತು ಉಂಡು ಏಳ್ತಾಳೆ. ಟಿನ್ನು ಕಳಿಸಿ ಅಂತ ನಾನು ಕೇಳ್ತಿಲ್ಲ, ಬಂದ್ರೆ ಅವಳು ಮುಟ್ಟಲ್ಲ. ಆ ಬಿಸ್ಕತ್ತು ಮಾಡೋದು ಎಂಗೆ ಅಂತ ಹೇಳ್ಕೊಡಿ. ನಾನು ಮಾಡ್ತೀನಿ. ನಮ್ಮನೇಲಿ ಒಲೆ ಬುಟ್ರೆ ಬೇರೆ ಏನೂ ಇಲ್ಲ.

ಶಿವನಂಜಮ್ಮನ ಹೆಬ್ಬೆಟ್ಟು


ಮೈಸೂರು
೨೯ ಜೂನ್ ೧೯೫೯

ತಾಯಿ ಶಿವನಂಜಮ್ಮನವರಿಗೆ,

ಇದನ್ನು ಈವರೆಗೆ ಯಾರಿಗೂ ಹೇಳಿಕೊಟ್ಟಿಲ್ಲ. ಅಳಿಯಂದಿರು ನಿಧಾನವಾಗಿ ಓದಿ ಹೇಳಲಿ.

ಒಂದು ಪಾವು ಕಡಲೆಕಾಯಿ ಬೀಜ ತೆಗೆದುಕೊಳ್ಳಿ. ಸುಕ್ಕಾದದ್ದು, ಕಪ್ಪಾದದ್ದು ಒಂದೂ ಬೇಡ, ಒಂದು ಕಹಿ ಬೀಜ ಬಿದ್ದರೂ ಪೂರ್ತಿ ಕೆಡುತ್ತದೆ. ಸಣ್ಣ ಉರಿಯಲ್ಲಿ ಕೈ ಬಿಡದೆ ಹುರಿಯಿರಿ. ಸಿಪ್ಪೆ ಸಿಡಿಯುವ ಸದ್ದು ಬಂದ ಮೇಲೆ ಇಳಿಸಿ, ಬಟ್ಟೆಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ. ಆಮೇಲೆ ಒರಳಿಗೆ ಹಾಕಿ ರುಬ್ಬಿ. ಒಂದು ತೊಟ್ಟು ನೀರೂ ಸೋಕಬಾರದು. ಮೊದಲು ಪುಡಿಯಾಗುತ್ತದೆ. ಆಮೇಲೆ ಮುದ್ದೆಯಾಗಿ ಗುಂಡುಕಲ್ಲಿಗೆ ಅಂಟಿಕೊಂಡು ಹಟ ಮಾಡುತ್ತದೆ. ಬಹಳ ಜನ ಇಲ್ಲಿಗೇ ಸಾಕು ಎಂದು ಬಿಡುತ್ತಾರೆ. ನೀವು ಬಿಡಬೇಡಿ. ತೋಳು ಸೋತ ಮೇಲೆ ಅದು ಎಣ್ಣೆ ಬಿಡುತ್ತದೆ, ಗುಂಡು ತಾನಾಗಿ ಜಾರುತ್ತದೆ, ಬೆಣ್ಣೆಯ ಹಾಗಾಗುತ್ತದೆ.

ಒಂದು ಚಿಟಿಕೆ ಉಪ್ಪು, ಎರಡು ಏಲಕ್ಕಿ ಪುಡಿ. ಏಲಕ್ಕಿ ಬಿಡಬೇಡಿ, ಇಲ್ಲದ ಸಿಹಿಯನ್ನು ಇದೆ ಎಂದು ನಾಲಿಗೆಗೆ ಹೇಳುವುದು ಅದೇ. ಒಂದು ಮೊಟ್ಟೆ ಬೇರೆಯಾಗಿ ಕಡೆದು ಸೇರಿಸಿ. ಕೂಡಿಕೊಂಡ ಕೂಡಲೇ ಕೈ ತೆಗೆಯಿರಿ, ಹೆಚ್ಚು ನಾದಿದರೆ ಬಿರುಸಾಗುತ್ತದೆ. ನೆಲ್ಲಿಕಾಯಿ ಗಾತ್ರ ಉಂಡೆ ಮಾಡಿ ತಟ್ಟೆಯ ಮೇಲೆ ಬೆರಳಿನಿಂದ ಒತ್ತಿ.

ನಿಮ್ಮಲ್ಲಿ ಬೇಕರಿ ಒಲೆಯಿಲ್ಲ. ದಪ್ಪ ತಳದ ಪಾತ್ರೆ ತೆಗೆದುಕೊಂಡು ಎರಡು ಬೆರಳು ಮರಳು ಹಾಕಿ ಚೆನ್ನಾಗಿ ಕಾಯಿಸಿ. ಅದರ ಮೇಲೆ ತಟ್ಟೆ ಇಟ್ಟು ಮುಚ್ಚಿ, ಮುಚ್ಚಳದ ಮೇಲೆ ಒಂದು ಹಿಡಿ ಕೆಂಡ ಹಾಕಿ. ಕೆಳಗೆ ಉರಿ ಬೇಡ, ಕೆಂಡ ಮಾತ್ರ. ಅಂಚು ಬಣ್ಣ ತಿರುಗಿ ಹುರಿದ ವಾಸನೆ ಬಂದರೆ ಇಳಿಸಿ.

ಬಿಸಿಯಲ್ಲಿ ಎತ್ತಬೇಡಿ. ಎತ್ತಿದರೆ ಪುಡಿ ಪುಡಿ. ಅದರಲ್ಲಿ ಹಿಡಿದಿಡುವುದಕ್ಕೆ ಮೈದಾ ಇಲ್ಲವಲ್ಲ. ಪೂರ್ತಿ ಆರಿದ ಮೇಲೆ ತಾನಾಗಿ ಗಟ್ಟಿಯಾಗುತ್ತದೆ.

ಬೆಳಿಗ್ಗೆ ನಾಲ್ಕು, ಸಂಜೆ ಮೂರು. ಅವಳಿಗೆ ಅಂಚು ಸ್ವಲ್ಪ ಕೆಂಪಗಿದ್ದರೆ ಇಷ್ಟ.

ಇಷ್ಟೇ ತಾಯಿ. ನನಗೆ ಗೊತ್ತಿದ್ದದ್ದು ಇದೊಂದೇ. ಇದೂ ಈಗ ನಿಮ್ಮ ಮನೆಯದಾಯಿತು. ನಾನು ಅವಳಿಗಾಗಿ ಮಾಡಬೇಕಾದದ್ದು ಇನ್ನೇನೂ ಉಳಿಯಲಿಲ್ಲ ಎಂದುಕೊಂಡಾಗ ಕೈ ಕಟ್ಟಿಹಾಕಿದ ಹಾಗಾಗುತ್ತದೆ. ಆದರೂ ನೀವೇ ಮಾಡಿ.

ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಆ ಕಡುಬಿನ ತಪ್ಪು ನಿಮ್ಮದಲ್ಲ. ಗೊತ್ತಿಲ್ಲದೆ ಇಕ್ಕಿದಿರಿ. ಗೊತ್ತಿದ್ದವನು ನಾನೊಬ್ಬನೇ.

ಮರಿಸ್ವಾಮಿ


ಹುಣಸೂರು
೩ ಸೆಪ್ಟೆಂಬರ್ ೧೯೫೯

ಅಪ್ಪಯ್ಯನವರಿಗೆ,

ಅತ್ತೆ ಎರಡು ತಿಂಗಳಿಂದ ಒರಳಿನ ಮುಂದೆ ಕೂತಿದ್ದಾರೆ. ಮೊದಲ ಸಲ ಸೀದುಹೋಯಿತು. ಎರಡನೆಯ ಸಲ ತಾಳ್ಮೆಯಿಲ್ಲದೆ ಬಿಸಿಯಲ್ಲೇ ಎತ್ತಿದರು, ಪುಡಿಯಾಯಿತು. ಅವರು ಆ ಪುಡಿಯ ಮುಂದೆ ಕೂತು ಅತ್ತರು. ನಾನೂ ಪಕ್ಕದಲ್ಲಿ ಕೂತೆ. ಆಸ್ಪತ್ರೆಯಿಂದ ಬಂದ ಮೇಲೆ ನಾನು ಅತ್ತದ್ದು ಅವತ್ತೇ ಮೊದಲು. ಇಬ್ಬರೂ ಆ ಪುಡಿಯನ್ನೇ ಬೆರಳಿನಲ್ಲಿ ಒತ್ತಿ ಒತ್ತಿ ತಿಂದೆವು.

ಈಗ ಪರವಾಗಿಲ್ಲ, ನಿಲ್ಲುತ್ತದೆ. ನಿಮ್ಮದರಷ್ಟು ಚೆನ್ನಾಗಿಲ್ಲ, ಒಂದು ಕಡೆ ದಪ್ಪ, ಒಂದು ಕಡೆ ತೆಳು. ಆದರೆ ನಾನು ಅದನ್ನು ನಡುಮನೆಯಲ್ಲಿ ಎಲ್ಲರ ಜೊತೆ ಕೂತು ತಿನ್ನುತ್ತೇನೆ. ಮೊನ್ನೆ ಬಂದ ಅತ್ತೆಯ ನಾದಿನಿ, ಇದೇನು ಎಂದು ಕೇಳಿದರು. "ನನ್ನ ಸೊಸೆಗೆ ಸಕ್ಕರೆ ಕಾಯಿಲೆ ಐತೆ, ಅದಕ್ಕೆ ಮಾಡ್ತೀನಿ. ನಿಂಗೂ ಬೇಕಾ?" ಎಂದು ಅತ್ತೆ ಅಂದರು. ಅವರು ಒಂದು ತೆಗೆದುಕೊಂಡರು. ಇಷ್ಟೇ ಆದದ್ದು ಅಪ್ಪಯ್ಯ. ಯಾರೂ ಎದ್ದುಹೋಗಲಿಲ್ಲ.

ಇನ್ನೊಂದು ಮಗುವಿನ ಮಾತು ಸದ್ಯಕ್ಕೆ ಬೇಡ ಎಂದು ಡಾಕ್ಟರು ಹೇಳಿದ್ದಾರೆ. ನಿಮ್ಮ ಅಳಿಯಂದಿರು ನನ್ನ ಎದುರಿಗೇ ಕೂತು ಎಲ್ಲವನ್ನೂ ಕೇಳಿ, ಬರೆದುಕೊಂಡು ಬಂದರು.

ನಿಮ್ಮ ಕಾಗದಗಳನ್ನೆಲ್ಲ ಓದಿದ್ದೇನೆ. ಡಾಕ್ಟರ ಮಾತು ಬರೆದಿರುವುದನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನೀವು ನನಗಾಗಿ ಎಷ್ಟು ಕಷ್ಟಪಟ್ಟಿರಿ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಆದರೆ ಬಂದು ಕರೆದುಕೊಂಡು ಹೋಗಿ ಎಂದು ಬರೆದೆ, ನೀವು ಬರಲಿಲ್ಲ. ಸೀಮಂತದ ದಿನ ಬಂದಿರಿ, ಬಳೆ ತೊಡಿಸಿದಿರಿ, ನನ್ನ ಕೈ ಎಷ್ಟು ಸಣ್ಣಗಾಗಿದೆ ಎಂದು ನೋಡಿದಿರಿ, ಮತ್ತೆ ಬಸ್ಸು ಹತ್ತಿದಿರಿ. ಇದನ್ನು ದಾಟಿ ಬರುವುದಕ್ಕೆ ನನಗೆ ಇನ್ನೂ ಆಗುತ್ತಿಲ್ಲ.

ಮಗುವಿನ ಮುಖ ನಾನು ನೋಡಿಲ್ಲ. ನನಗೆ ಎಚ್ಚರವಾಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅಳಿಯಂದಿರನ್ನು ಕೇಳಿದರೆ ಅಳುತ್ತಾರೆ, ಅದಕ್ಕೆ ಕೇಳುವುದಿಲ್ಲ. ನೀವು ನೋಡಿದ್ದೀರಂತೆ. ಅದು ಯಾರ ಹಾಗಿತ್ತು, ಅಷ್ಟು ಮಾತ್ರ ಬರೆಯಿರಿ. ಬೇರೆ ಏನೂ ಬೇಡ.

ಲೀಲಾ


ಮೈಸೂರು
೭ ಸೆಪ್ಟೆಂಬರ್ ೧೯೫೯

ಮಗಳೇ,

ನಿನ್ನ ಹಾಗಿತ್ತು.

ಅಪ್ಪಯ್ಯ